ಇಳಿದು ನಡೆಯುವ ಬೀದಿ

ಕಾನೂನನ್ನು ಕಣ್ಣಾರೆ ನೋಡಬಹುದು ಎಂದು ಯಾರಾದರೂ ಹೇಳಿದ್ದರೆ, ಪಾಪ, ಬಿಸಿಲಿಗೆ ತಲೆ ಕೆಟ್ಟಿದೆ ಎಂದುಕೊಂಡು ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದೆ. ನಾನು ಸರ್ಕಾರದಲ್ಲಿ ಕಾಯ್ದೆಗಳ ಕರಡು ಬರೆಯುವವಳು. 'ತಕ್ಕದ್ದು', 'ತಕ್ಕದ್ದಲ್ಲ', 'ಮೇಲ್ಕಂಡ', 'ಪರಂತು' ಎಂಬ ಒಣಕಲು ಮಾತುಗಳ ನಡುವೆಯೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಕಾನೂನು ಎಂದರೆ ನನಗೆ ಕಾಗದ, ಕಾಗದದ ಮೇಲೆ ಕಾಗದ, ಅದರ ಮೇಲೊಂದು ಮೊಹರು. ಅದಕ್ಕೂ ಒಂದು ಮೈಯಿದೆ, ಬೆಳಕಿದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅಂಥವಳನ್ನು ಡಾ. ಇಂದುಧರ ಒಂದು ಮುಂಜಾನೆ ಮೈಸೂರಿನ ಮೇರೆಗಣ್ಣು ಕೇಂದ್ರಕ್ಕೆ ಕರೆಸಿದರು. ಮೇರೆಗಣ್ಣು ಎಂಬ ಯಂತ್ರವನ್ನು ಕಟ್ಟಿದವರು ಅವರೇ. ಬಡಕಲು ಮನುಷ್ಯ, ಮಾತು ಕಡಿಮೆ, ನಗು ಇನ್ನೂ ಕಡಿಮೆ. ಕತ್ತಲೆ ತುಂಬಿದ ದೊಡ್ಡ ಕೋಣೆಯ ಬಾಗಿಲು ತೆರೆದು, "ನಿಧಾನ ವಾರಿಜಾ ಮೇಡಂ, ಕಾಲ ಕೆಳಗೆ ಕರ್ನಾಟಕ ಇದೆ" ಎಂದರು.

ನಿಜವಾಗಿಯೂ ಇತ್ತು. ಗಾಜಿನ ನೆಲದ ಕೆಳಗೆ ಬೀದರಿನಿಂದ ಚಾಮರಾಜನಗರದವರೆಗೆ ಇಡೀ ರಾಜ್ಯ ಹರಡಿಕೊಂಡಿತ್ತು. ಊರಿನ ಹೆಸರಿಲ್ಲ, ಜಿಲ್ಲೆಯ ಗೆರೆಯಿಲ್ಲ, ಬರೀ ಬೆಳಕು. ಎಳೆ ಎಳೆಯಾಗಿ, ಚುಕ್ಕಿ ಚುಕ್ಕಿಯಾಗಿ, ಕೆಲವೆಡೆ ಮಂದ, ಕೆಲವೆಡೆ ಪ್ರಖರ. ಚಪ್ಪಲಿ ಕಳಚಿಟ್ಟು ಒಳಗೆ ಹೋದೆ. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ.

ನಾನು ನಿಂತಲ್ಲಿಯೇ, ಕಾಲ ಬುಡದಲ್ಲಿ, ಸಣ್ಣ ಸಣ್ಣ ಬೆಳಕಿನ ಬಳೆಗಳು ಮೂಡತೊಡಗಿದವು. ಒಂದು, ಹತ್ತು, ನೂರು, ಆಮೇಲೆ ಎಣಿಕೆಗೇ ಸಿಗದಷ್ಟು. ಪ್ರತಿ ಊರಿನ ಪ್ರತಿ ಬೀದಿಯಲ್ಲೂ ಅವು ಅರಳುತ್ತಿದ್ದವು.

"ಇದೇನಿದು?" ಎಂದೆ.

"ರಂಗೋಲಿ ಮೇಡಂ," ಎಂದರು ಇಂದುಧರ. "ಬೆಳಿಗ್ಗೆ ಮನೆ ಮುಂದೆ ಹಾಕಿರ್ತಾರಲ್ಲ. ಹಾಲಿನವನ ಗಾಡಿ, ಪೇಪರ್ ಹಾಕೋನ ಸೈಕಲ್ಲು, ಸ್ಕೂಲ್ ವ್ಯಾನು, ಎಲ್ಲಾ ಅದನ್ನ ಬಳಸ್ಕೊಂಡು ಹೋಗ್ತವೆ. ರಂಗೋಲಿ ತುಳೀಬಾರದು ಅಂತ ನಿಮ್ಮ ಯಾವ ಕಾಯ್ದೇಲಿ ಬರೆದಿದೆ?"

ಯಾವ ಕಾಯ್ದೆಯಲ್ಲೂ ಇಲ್ಲ. ಬರೆದವರಿಲ್ಲ, ಸಾರಿದವರಿಲ್ಲ, ದಂಡ ಹಾಕುವವರಿಲ್ಲ. ಆದರೂ ಲಕ್ಷಾಂತರ ಚಕ್ರಗಳು ಒಂದು ಹಿಡಿ ಬಿಳಿ ಪುಡಿಯ ಮುಂದೆ ಸೊಂಟ ಬಾಗಿಸಿ ಹೋಗುತ್ತಿದ್ದವು. ನನ್ನ ಕಣ್ಣು ತುಂಬಿಬಂತು. ಇಷ್ಟು ದಿನ ಕಾನೂನನ್ನು ನಾವು ಕಚೇರಿಯಲ್ಲಿ ಕೂತು ಜನರಿಗೆ ಕೊಡುತ್ತಿದ್ದೇವೆ ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ಜನ ಅದನ್ನು ದಿನಾ ಬೆಳಿಗ್ಗೆ ಎದ್ದು ತಾವೇ ಹೊಸದಾಗಿ ಮಾಡುತ್ತಿದ್ದರು.

ಯಂತ್ರ ಕೆಲಸ ಮಾಡುವ ಬಗೆ ಕಷ್ಟದ್ದೇನಲ್ಲ. ಈಗ ಎಲ್ಲರ ಜೇಬಿನಲ್ಲೂ ಫೋನು. ಗಾಡಿಗಳಂತೂ ತಾವು ಎಲ್ಲಿದ್ದೇವೆ, ಎಷ್ಟು ವೇಗದಲ್ಲಿದ್ದೇವೆ ಎಂದು ಸದಾ ಹೇಳುತ್ತಲೇ ಇರುತ್ತವೆ. ಮೇರೆಗಣ್ಣು ಅದನ್ನೆಲ್ಲ ಕೇಳಿಸಿಕೊಳ್ಳುತ್ತದೆ. ಒಬ್ಬರು ಒಂದೆಡೆ ನಿಧಾನಿಸಿದರು, ನಿಂತರು, ಸುತ್ತು ಹಾಕಿ ಹೋದರು ಅಂತಿಟ್ಟುಕೊಳ್ಳಿ. ಅಲ್ಲಿ ಗುಂಡಿ ಇತ್ತೇ, ಎಮ್ಮೆ ಅಡ್ಡ ಬಂತೇ, ಜನ ಸೇರಿದ್ದರೇ ಎಂದು ಯಂತ್ರ ಮೊದಲು ಜಾಲಾಡುತ್ತದೆ. ಅಂಥದ್ದೇನೂ ಇಲ್ಲದೆ ಮನುಷ್ಯ ತನ್ನನ್ನು ತಾನೇ ತಡೆದುಕೊಂಡಿದ್ದರೆ, ಅಲ್ಲೊಂದು ಬೆಳಕಿನ ಕಣ. ಕಣಗಳು ದಿನವೂ ಒಂದೇ ಕಡೆ ಬಿದ್ದು ಗೆರೆಯಾದರೆ ಅದೊಂದು ಕಟ್ಟಳೆ. ಸರ್ಕಾರಿ ಕಾಯ್ದೆಗಳೂ ಅಲ್ಲಿ ಕಾಣುತ್ತಿದ್ದವು, ಆದರೆ ನಮ್ಮ ಮಾನ ಉಳಿಸುವಷ್ಟಲ್ಲ. ಏಕಮುಖ ರಸ್ತೆಯ ನಿಯಮ ಪೊಲೀಸರು ನಿಂತಿದ್ದಾಗ ಮಿಣಕ್ ಎಂದು, ಅವರು ಟೀ ಕುಡಿಯಲು ಹೋದ ಕೂಡಲೇ ಆರಿಹೋಗುತ್ತಿತ್ತು.

ಹೆಸರು, ಮುಖ, ಮನೆತನ, ಜಾತಿ, ಇವು ಯಾವುವೂ ಯಂತ್ರದ ಒಳಗೆ ಹೋಗಕೂಡದು ಎಂದು ಇಂದುಧರ ಹಟ ಹಿಡಿದಿದ್ದರು. ಅವನ್ನೆಲ್ಲ ಬಾಗಿಲಲ್ಲೇ ಒರೆಸಿಹಾಕುವ ಹಾಗೆ ಮಾಡಿದ್ದರು. "ಕಾನೂನು ಯಾರ ಮುಖಾನೂ ನೋಡಬಾರದು," ಎನ್ನುವಾಗ ಮಾತ್ರ ಅವರ ಒಣ ಮುಖದಲ್ಲಿ ಹೆಮ್ಮೆ ಕಾಣಿಸುತ್ತಿತ್ತು.

ಆ ಬೆರಗೇ ಜೀವಂತ ಕಟ್ಟಳೆ ಅಧಿನಿಯಮಕ್ಕೆ ಕಾರಣವಾಯಿತು. ಜನ ವರ್ಷಗಟ್ಟಲೆ ಬಿಡದೆ ಪಾಲಿಸಿಕೊಂಡು ಬಂದ ಗೆರೆ ತಾನಾಗಿ ಕಾನೂನಾಗುತ್ತದೆ. ಅದನ್ನು ತಡೆಯುವ ಅಧಿಕಾರ ಮಂತ್ರಿಗಿಲ್ಲ, ಅಧಿಕಾರಿಗಿಲ್ಲ, ಯಂತ್ರ ಕಟ್ಟಿದವರಿಗೂ ಇಲ್ಲ. ಕೊಟ್ಟರೆ ದೊಡ್ಡವರು ತಮಗೆ ಬೇಕಾದ್ದನ್ನು ಉಳಿಸಿಕೊಂಡಾರು ಎಂಬ ಭಯ. ನನ್ನ ಕೆಲಸ ಆ ಬೆಳಕನ್ನು ವಾಕ್ಯ ಮಾಡಿಕೊಡುವುದು. ವಾಕ್ಯ ಗೆಜೆಟ್ಟಿನಲ್ಲಿ ಬಂದರೆ ಗಾಡಿಗಳು ಅದನ್ನು ಓದಿಕೊಳ್ಳುತ್ತವೆ, ಆಮೇಲೆ ತಪ್ಪಿ ನಡೆಯುವ ಮಾತೇ ಇಲ್ಲ. ಹೀಗೆ ರಂಗೋಲಿಯ ಕಾನೂನು ಬಂತು. ಬಾಣಂತಿ ಇರುವ ಮನೆಯ ಮುಂದೆ ಹಾರ್ನ್ ಮಾಡಬಾರದೆಂಬ ಕಾನೂನು ಬಂತು. ಜನ ಮೆಚ್ಚಿದರು. ನಾನಂತೂ ಪ್ರತಿ ಕರಡನ್ನೂ ಕೈಮುಗಿದು ಬರೆಯುತ್ತಿದ್ದೆ.

ಆಗ ಕಣ್ಣಿಗೆ ಬಿದ್ದದ್ದು ಮಾಳಗೂರು.

ಅದು ನಮ್ಮ ಕಡೆಯ ಒಂದು ಸಾಧಾರಣ ಊರು. ಅಲ್ಲಿನ ದೊಡ್ಡ ಬೀದಿಯ ಉದ್ದಕ್ಕೂ ಹೊಳೆಯುವ ಪಟ್ಟಿಯೊಂದು ಮೂಡಿತ್ತು. ಅಷ್ಟು ಪ್ರಖರವಾದ ಗೆರೆಯನ್ನು ಕೇಂದ್ರದಲ್ಲಿ ಯಾರೂ ನೋಡಿರಲಿಲ್ಲ. ಬೀದಿಯ ಬಾಯಿಗೆ ಬಂದ ಗಾಡಿಗಳು ನಿಲ್ಲುತ್ತಿದ್ದವು, ಕೊನೆಯವರೆಗೆ ನಡಿಗೆಯ ವೇಗದಲ್ಲಿ ಹೋಗುತ್ತಿದ್ದವು, ಆಚೆ ದಾಟಿದ ಮೇಲೆ ಮತ್ತೆ ಓಡುತ್ತಿದ್ದವು. ಮಳೆ ಬರಲಿ, ಬಿಸಿಲಿರಲಿ, ತಪ್ಪಿದ್ದಿಲ್ಲ. ಅಲ್ಲಿ ಸಿಗ್ನಲ್ ಇಲ್ಲ, ಹಂಪ್ ಇಲ್ಲ, ಪೊಲೀಸರ ಸುಳಿವೇ ಇಲ್ಲ.

"ಬಹುಶಃ ಶಾಲೆ ಇರಬಹುದು, ಮಕ್ಕಳಿಗೋಸ್ಕರ ನಿಧಾನ ಹೋಗ್ತಾರೆ," ಎಂದರು ಇಂದುಧರ. "ಪೂರ್ತಿ ರಾಜ್ಯಕ್ಕೆ ಮಾದರಿ ಮೇಡಂ ಇದು. ಇದಕ್ಕೊಂದು ಕಾರ್ಯಕ್ರಮ ಮಾಡಬೇಕು."

ನಾವಿಬ್ಬರೂ ಪಟ್ಟಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದೆವು. ಅಷ್ಟು ಚೆಂದವಿತ್ತು.

ಮುಂದಿನ ವಾರವೇ ಮಾಳಗೂರಿಗೆ ಹೋದೆವು. ನಮ್ಮ ಜೀಪು ದೊಡ್ಡ ಬೀದಿಯೊಳಗೆ ಸಲೀಸಾಗಿ ಹೋಗಿ, ಊರಿನ ಯಜಮಾನ ಪುಟ್ಟಮಾದಪ್ಪನವರ ಮನೆ ಮುಂದೆ ನಿಂತಿತು. ಬಿಳಿ ಪಂಚೆ, ಬಿಳಿ ಮೀಸೆ, ದೊಡ್ಡ ದನಿಯ ಮನುಷ್ಯ. ಎಳನೀರು ಕೊಟ್ಟು ಜಗುಲಿಯ ಮೇಲೆ ಕೂರಿಸಿದರು. ಸುತ್ತ ನೋಡಿದರೆ ಶಾಲೆಯ ಸುಳಿವೇ ಇಲ್ಲ.

ಅಷ್ಟರಲ್ಲಿ ತರುಣನೊಬ್ಬ ಮೋಟಾರ್ ಬೈಕಿನಲ್ಲಿ ಧೂಳೆಬ್ಬಿಸಿಕೊಂಡು ಹಾದುಹೋದ. ಇಂದುಧರ ಬೆಚ್ಚಿದರು. "ಇವರು ನಿಲ್ಲಿಸಲೇ ಇಲ್ಲವಲ್ಲ?"

"ಅವ್ನು ನಮ್ಮ ತಮ್ಮನ ಮಗ ಸ್ವಾಮಿ, ಅವ್ನ್ ಯಾಕ್ ನಿಲ್ಸಾನು?" ಎಂದು ಯಜಮಾನರು ನಕ್ಕರು.

ಆಮೇಲೆ ಬೀದಿಯ ಬಾಯಲ್ಲಿ ಒಂದು ಸ್ಕೂಟರ್ ಕಾಣಿಸಿತು. ಓಡಿಸುತ್ತಿದ್ದ ಹೆಂಗಸು ಅಲ್ಲೇ ಇಂಜಿನ್ ಆರಿಸಿ ಇಳಿದಳು. ನೀಲಿ ಸೀರೆ, ಆರೋಗ್ಯ ಇಲಾಖೆಯ ಬ್ಯಾಡ್ಜು. ಹಿಂದಿನ ಸೀಟಿಗೆ ಲಸಿಕೆಯ ಐಸ್ ಪೆಟ್ಟಿಗೆ ಬಿಗಿದಿತ್ತು. ಬೀದಿ ಏರು. ಆಕೆ ತಲೆ ತಗ್ಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ಆ ಗಾಡಿಯನ್ನು ನಮ್ಮ ಮುಂದೆಯೇ ತಳ್ಳಿಕೊಂಡು ಹೋದಳು.

"ಏನ್ ರಾಚಿ, ಇವತ್ತು ಯಾವೂರ್ ಮಕ್ಳಿಗೆ ಚುಚ್ತೀಯೆ?" ಎಂದು ಯಜಮಾನರು ಜಗುಲಿಯಿಂದಲೇ ಕೂಗಿದರು. ಆಕೆ ಏನೋ ಉತ್ತರ ಕೊಟ್ಟಳು, ತಲೆ ಎತ್ತಲಿಲ್ಲ.

"ಇವರು ಯಾಕೆ ಇಳಿದರು?" ಇಂದುಧರ ಕೇಳಿದರು.

"ಕೆಳಗೇರಿಯೋಳು. ಅವ್ರೆಲ್ಲ ಈ ಬೀದೀಲಿ ಇಳ್ದೇ ಹೋಗೋದು ಸ್ವಾಮಿ. ಮೊದ್ಲಿಂದ ನಡ್ಕಂಡ್ ಬಂದದ್ದು. ನಾವೇನ್ ಬಲವಂತ ಮಾಡೀವಾ? ಮರ್ಯಾದೆ."

ಎಳನೀರನ್ನು ಜಗುಲಿಯ ಮೇಲಿಟ್ಟೆ. ಏನೋ ನೆಪ ಹೇಳಿ ಎದ್ದು, ಬಿರಬಿರನೆ ಆ ಹೆಂಗಸಿನ ಹಿಂದೆ ನಡೆದೆ. ಬೀದಿ ದಾಟಿದ ಮೇಲೆ, ಹಾಲಿನ ಡೇರಿಯ ಹತ್ತಿರ, ಆಕೆ ಮತ್ತೆ ಗಾಡಿ ಏರುತ್ತಿದ್ದಳು. ಹೆಸರು ರಾಚಮ್ಮ, ಊರಿನ ಆರೋಗ್ಯ ಉಪಕೇಂದ್ರದ ನರ್ಸು. ನಾನು ಯಾರು, ಯಾಕೆ ಬಂದಿದ್ದೇನೆ ಎಂದು ಹೇಳಿದೆ. ದೊಡ್ಡ ಬೀದಿಯ ಗೆರೆ ಇಷ್ಟರಲ್ಲೇ ಕಾನೂನಾಗುತ್ತದೆ ಎಂಬುದನ್ನೂ ಹೇಳಬೇಕಾಯಿತು.

ರಾಚಮ್ಮ ಇಂಜಿನ್ ಮತ್ತೆ ಆರಿಸಿದಳು.

"ನಾವು ಹೆದ್ರಿಕಂಡು ಇಳ್ದಿದ್ದು ನಿಮ್ ಯಂತ್ರುಕ್ಕೆ ಬೆಳ್ಕಾಗಿ ಕಾಣ್ತಾ ಮೇಡಂ?" ಎಂದಳು.

ದೊಡ್ಡ ಬೀದಿಯ ಕಡೆ ತಿರುಗಿ ಕೈ ತೋರಿಸಿದಳು.

"ನಮ್ಮವ್ವನ ಕಾಲ್ದಲ್ಲಿ ಕಾಲಿನ ಚಪ್ಲಿ ಕೈಲಿಡ್ಕಂಡ್ ಹೋಯ್ತಿದ್ರಂತೆ. ಈಗ ಗಾಡಿ. ನಾನು ಈ ಸ್ಕೂಟ್ರು ತಗಂಡ ದಿನ್ವೇ ಅನ್ಕಂಡಿದ್ದೆ, ಒಂದಿನ ಇಳೀದೆ ಹೋಗೇಬಿಡ್ತೀನಿ ಅಂತ. ಹೊಡದ್ರೆ ಹೊಡೀಲಿ, ಕಂಪ್ಲೇಂಟ್ ಕೊಡಾಕೆ ಕಾನೂನು ಐತಲ್ಲ ಅಂತ ಒಂದ್ ಧೈರ್ಯ ಇತ್ತು. ಈಗ ಇಳಿಯೋದೇ ಕಾನೂನು ಅಂತ ನೀವ್ ಬರ್ದುಬುಟ್ರೆ, ಇನ್ ನಾನ್ ಯಾರ್ ತಾವ ಹೋಗ್ಲಿ?"

ಐಸ್ ಕರಗುತ್ತದೆ ಎಂದು ಹೇಳಿ ಆಕೆ ಹೊರಟಳು. ನಾನು ಡೇರಿಯ ಗೋಡೆಗೆ ಕೈ ಕೊಟ್ಟು ನಿಂತೆ. ಆ ದಿನದಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಕೇಂದ್ರಕ್ಕೆ ವಾಪಸಾದ ಮೇಲೆ ಇಂದುಧರ ಕತ್ತಲೆ ಕೋಣೆಯಲ್ಲಿ ಮಾಳಗೂರಿನ ಪಟ್ಟಿಯ ಮೇಲೆ ನಿಂತುಬಿಟ್ಟರು. ಮುಖಕ್ಕೆ ಕೆಳಗಿನಿಂದ ಬೆಳಕು ಬೀಳುತ್ತಿತ್ತು.

"ಮುಖ ನೋಡಬಾರದು ಅಂದೆ," ಎಂದರು. "ಯಾರು ಇಳಿದರು, ಯಾರು ಇಳೀಲಿಲ್ಲ, ಅದಕ್ಕೆ ಗೊತ್ತೇ ಆಗಲಿಲ್ಲ. ಇಳಿದೋರು ಮಾತ್ರ ಅದರ ಲೆಕ್ಕಕ್ಕೆ ಬಂದರು. ಗೌರವದಿಂದ ನಿಂತೋರು, ಹೆದರಿ ನಿಂತೋರು, ಮೇಲಿಂದ ನೋಡಿದರೆ ಎರಡೂ ಒಂದೇ ಥರ ಹೊಳೀತವೆ ಮೇಡಂ."

"ನಿಲ್ಲಿಸೋಕೆ ದಾರಿ ಇಲ್ಲವಾ?"

"ನಮ್ಮ ಕೈ ಕಟ್ಟಿಕೊಂಡೋರು ನಾವೇ ಅಲ್ಲವಾ?"

ಕೋರ್ಟಿಗೆ ಹೋಗುವ ಮಾತನ್ನೂ ಆಡಿದೆವು. ಆದರೆ ಕೋರ್ಟು ಸಾಕ್ಷಿ ಕೇಳುತ್ತದೆ. ಯಂತ್ರದ ನೆನಪಿನಲ್ಲಿ ಜಾತಿಯಿಲ್ಲ, ಮುಖವಿಲ್ಲ. ಯಜಮಾನರು ಜಗುಲಿಯ ಮೇಲೆ ಹೇಳಿದ ಹಾಗೆ 'ಬಲವಂತವಿಲ್ಲ, ಮರ್ಯಾದೆ' ಎಂದೇ ಸಾಧಿಸುತ್ತಾರೆ, ಊರಿನಲ್ಲಿ ಬಾಯಿ ಬಿಡುವವರಿಲ್ಲ. ಕೆಳಗೇರಿಯ ಗಂಡಸರು ದೊಡ್ಡ ಬೀದಿಯವರ ಗದ್ದೆಗೆ ಕೂಲಿಗೆ ಹೋಗಬೇಕು. ಒಬ್ಬಳೇ ರಾಚಮ್ಮನನ್ನು ಕಟಕಟೆಯಲ್ಲಿ ನಿಲ್ಲಿಸಿ, ನಾವು ಮೈಸೂರಿಗೆ ಬಂದು ಕಾಫಿ ಕುಡಿಯುವುದು ನನಗೆ ಸರಿಕಾಣಲಿಲ್ಲ.

ಕರಡಿನ ಕೆಲಸ ನನ್ನ ಮೇಜಿಗೆ ಬಂದೇ ಬಂತು. ಅದರ ಹಿಂದೆಯೇ ಯಜಮಾನ ಪುಟ್ಟಮಾದಪ್ಪನವರೂ ಬಂದರು, ಒಂದು ಬುಟ್ಟಿ ರಸಬಾಳೆ ಹಿಡಿದುಕೊಂಡು. ಬೀದಿಗೆ ಸರ್ಕಾರದ ಮನ್ನಣೆ ಸಿಗುತ್ತದೆಂಬ ಸುದ್ದಿ ಅವರಿಗೆ ಮುಟ್ಟಿತ್ತು.

"ಚೆಂದಾಗಿ ಬರೀರಿ ಮೇಡಮ್ಮೋರೆ. ನಮ್ ತಾತ್ನೋರ ಕಾಲ್ದಿಂದ ಬಂದದ್ದು."

ಬಾಳೆಹಣ್ಣನ್ನು ಪಕ್ಕಕ್ಕೆ ಸರಿಸಿ ಪೆನ್ನು ತೆಗೆದುಕೊಂಡೆ. "ನೀವೇ ಹೇಳಿ ಯಜಮಾನ್ರೇ, ಹಾಗೇ ಬರೀತೀನಿ. ಈ ಬೀದಿಯಲ್ಲಿ ಗಾಡಿಯಿಂದ ಇಳಿದು ನಡೆಯತಕ್ಕದ್ದು. ಸರಿ. ಯಾರು ಇಳಿಯತಕ್ಕದ್ದು?"

"ಅದೇ... ಇಳಿಯೋರು."

"ಅಂದರೆ?"

"ನಿಮಗೇ ಗೊತ್ತಲ್ಲ."

"ನನಗೆ ಗೊತ್ತಿದ್ದರೆ ಸಾಲದು, ವಾಕ್ಯಕ್ಕೆ ಗೊತ್ತಾಗಬೇಕು. ಹೆಸರು ಹೇಳಿ."

ಯಜಮಾನರು ಹಿಂದೆ ತಿರುಗಿ ಬಾಗಿಲ ಕಡೆ ನೋಡಿದರು. ಮೀಸೆ ಒರೆಸಿಕೊಂಡರು. ತಾತನ ಕಾಲದಿಂದ ಆ ಬೀದಿಯನ್ನು ಆಳಿದ ಮಾತು, ನನ್ನ ಮೇಜಿನ ಮುಂದೆ ಹಗಲು ಹೊತ್ತಿನಲ್ಲಿ ಅವರ ನಾಲಿಗೆಯಿಂದ ಹೊರಗೆ ಬರಲೊಲ್ಲದು. ಯಾಕೆಂದರೆ ಜಗುಲಿಯ ಹರಟೆಯ ಆಚೆಗೆ ಅದು ಮಾತಾಗಿ ಎಂದೂ ಇದ್ದಿರಲೇ ಇಲ್ಲ. ಬರೀ ಒಂದು ನೋಟವಾಗಿ, ಕೆಮ್ಮಾಗಿ, ಜಗುಲಿಯ ಮೇಲೆ ಕೂತ ಠೀವಿಯಾಗಿ ಬದುಕಿತ್ತು. ಬಾಯಿಬಿಟ್ಟು ಹೇಳಿದರೆ ತಾನು ಜೈಲಿಗೆ ಹೋಗಬೇಕಾಗುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು.

"ಓದ್ದೋರು, ನೀವೇ ಹೆಂಗಾರ ಬರ್ಕಳಿ. ನಮ್ ಜನುಕ್ಕೆ ಅರ್ಥ ಆಯ್ತದೆ," ಎಂದು ಎದ್ದು ಹೋದರು.

ಭಾನುವಾರ ಮನೆಯಲ್ಲಿ ಅಡುಗೆಮನೆಯ ಮೇಜಿನ ಮೇಲೆ ಕರಡು ಹರಡಿಕೊಂಡು ಕೂತಿದ್ದೆ. ಅವರೆಕಾಯಿಯ ಕಾಲ. ನನ್ನ ಗಂಡ ಶ್ರೀಕಂಠ ಎದುರಿಗೆ ಕೂತು ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿತುಕುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅಡುಗೆ ಅವರದೇ. ಹಿತುಕಿದ ಬೇಳೆ ಸಾರಿನ ದಿನ ನಾನು ಪಕ್ಕದಲ್ಲಿದ್ದು ಹೊಗಳಲೇಬೇಕು, ಅದು ನಮ್ಮ ಮನೆಯ ಕಟ್ಟಳೆ.

ಮನಸ್ಸು ಎಲ್ಲೋ ಇತ್ತು. ಕೈ ತನ್ನ ಪಾಡಿಗೆ ತಾನು, ಇಷ್ಟು ವರ್ಷದ ಅಭ್ಯಾಸದಂತೆ ಬರೆದುಕೊಂಡು ಹೋಯಿತು. ಬರೆದದ್ದನ್ನು ಗಟ್ಟಿಯಾಗಿ ಓದಿದೆ: "ಮಾಳಗೂರು ಗ್ರಾಮದ ದೊಡ್ಡ ಬೀದಿಯಲ್ಲಿ ಹಾದುಹೋಗುವ ಯಾರೇ ವ್ಯಕ್ತಿಯು ವಾಹನದಿಂದ ಇಳಿದು ಕಾಲ್ನಡಿಗೆಯಲ್ಲಿ ಹೋಗತಕ್ಕದ್ದು."

ಶ್ರೀಕಂಠ ಬೇಳೆಯಿಂದ ತಲೆ ಎತ್ತಲಿಲ್ಲ. "ಹಂಗಾದ್ರೆ ಆ ಯಜಮಾನ್ರೂ ಇಳೀಬೇಕು ಅನ್ನು," ಎಂದರು.

"ಏನಂದ್ರಿ?"

"ಯಾರೇ ವ್ಯಕ್ತಿ ಅಂದ್ಯಲ್ಲ. ಅವ್ರು ವ್ಯಕ್ತಿ ಅಲ್ವಾ?"

ನಾನು ಪೆನ್ನು ಕೆಳಗಿಟ್ಟೆ. 'ಯಾರೇ ವ್ಯಕ್ತಿ.' ಸಾವಿರ ಸಲ ಬರೆದ ಮಾತು. ಬರೆದು ಬರೆದು ನನ್ನ ಕಣ್ಣಿಗೆ ಅದು ಕಾಣದಂತಾಗಿತ್ತು. ಯಾವ ಮಹಾತಾಯಿ, ಯಾವ ಪುಣ್ಯಾತ್ಮ ಮೊದಲ ಬಾರಿಗೆ ಹೀಗೆ ಬರೆದರೋ! ದೊಡ್ಡವರು ಚಿಕ್ಕವರು, ಮೇಲಿನವರು ಕೆಳಗಿನವರು, ಎಲ್ಲರನ್ನೂ ಎರಡು ಪದದಲ್ಲಿ ಒಂದೇ ಚಾಪೆಯ ಮೇಲೆ ಕೂರಿಸಿಬಿಟ್ಟರು. ಭಯಕ್ಕೆ ಗೆರೆ ಎಳೆಯಲು ಬರುತ್ತದೆ, ಆದರೆ ವಾಕ್ಯ ಬರೆಯಲು ಬರುವುದಿಲ್ಲ. ಬರೆಯಲು ಹೊರಟ ಕ್ಷಣ ಅದು 'ಎಲ್ಲರೂ' ಎನ್ನಬೇಕು, ಇಲ್ಲವೇ ತನ್ನ ಹೆಸರು ಹೇಳಿ ಸಿಕ್ಕಿಬೀಳಬೇಕು. ಮೇರೆಗಣ್ಣಿನ ಕೋಣೆಯಲ್ಲಿ ರಾಜ್ಯದ ಬೆಳಕು ನೋಡಿದಾಗಲೂ ನಾನು ಹೀಗೆ ಬೆರಗಾಗಿರಲಿಲ್ಲ.

ಆದರೆ ಆ ವಾಕ್ಯದ ಪ್ರಕಾರ ರಾಚಮ್ಮನೂ ಇಳಿಯಬೇಕು. ಅವಳನ್ನು ಕೇಳದೆ ಸಹಿ ಮಾಡಲು ಮನಸ್ಸು ಒಪ್ಪಲಿಲ್ಲ. ಫೋನ್ ಮಾಡಿ ವಿಷಯ ಹೇಳಿದೆ.

"ಯಜಮಾನ್ರೂ ಇಳೀತಾರಾ?" ಎಂದಳು.

"ಇಳೀಲೇಬೇಕು. ಗಾಡಿನೇ ನಿಂತೋಗುತ್ತೆ."

"ಅವ್ರ ತಮ್ಮನ ಮಗ? ಆ ಬೈಕು?"

"ಅದೂ."

ಆಚೆಯಿಂದ ತಡೆಯಲಾಗದ ನಗು. "ಬರೀರಿ ಮೇಡಂ. ನಾನು ಹುಟ್ಟಿದಾಗಿಂದ ಇಳ್ದಿವ್ನಿ, ಇನ್ ನಾಕ್ ದಿನ ಇಳೀತೀನಿ. ಅದ್ನ ಒಂದ್ಸಲ ಕಣ್ತುಂಬ ನೋಡ್ಬೇಕು."

ಗೆಜೆಟ್ಟು ಬಂದ ಮರುದಿನ ಬೆಳಿಗ್ಗೆ ನಾನು ಮಾಳಗೂರಿನಲ್ಲೇ ಇದ್ದೆ. ಮೊದಲು ಬಂದದ್ದು ತಮ್ಮನ ಮಗನ ಬೈಕು. ಬೀದಿಯ ಬಾಯಲ್ಲಿ ಗಕ್ಕನೆ ನಿಂತಿತು. ಅವನು ಒದ್ದ, ಬೈದ, ಕೀ ತಿರುವಿದ. ಗಾಡಿ ಹಲ್ಲು ಕಚ್ಚಿಕೊಂಡು ನಿಂತಿತ್ತು. ಆಮೇಲೆ ಯಜಮಾನರ ದೊಡ್ಡ ಕಾರು ಬಂದು ಅದರ ಹಿಂದೆ ನಿಂತಿತು. ಅರ್ಧ ಗಂಟೆ ಫೋನಿನಲ್ಲಿ ಕೂಗಾಡಿದರು. ಕೊನೆಗೆ ಬಾಗಿಲು ತೆರೆದು, ಪಂಚೆ ಎತ್ತಿಕಟ್ಟಿ, ಕೆಳಗಿಳಿದರು. ಅವರ ಪಕ್ಕದಲ್ಲಿಯೇ ರಾಚಮ್ಮ ಸ್ಕೂಟರ್ ತಳ್ಳಿಕೊಂಡು ಏರು ಹತ್ತುತ್ತಿದ್ದಳು. ಇಬ್ಬರೂ ಏದುಸಿರು ಬಿಡುತ್ತ, ಮಾತಿಲ್ಲದೆ, ಒಂದೇ ಬೀದಿಯಲ್ಲಿ ಒಂದೇ ವೇಗದಲ್ಲಿ ನಡೆದರು. ಮನೆಮನೆಯ ಕಿಟಕಿಯಲ್ಲೂ ಕಣ್ಣುಗಳು. ಕೆಳಗೇರಿಯ ಮುದುಕಿಯೊಬ್ಬಳು ನನ್ನ ಪಕ್ಕ ನಿಂತು, "ಶಿವನೇ, ಇದ್ನ ನೋಡಾಕೆ ನನ್ನ ಇಷ್ಟ್ ದಿನ ಇಟ್ಟಿದ್ದಾ?" ಎಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ದೊಡ್ಡ ಬೀದಿಯವರು ತಿಂಗಳುಗಟ್ಟಲೆ ಸಹಿ ಮಾಡದ ಅರ್ಜಿಯಿಲ್ಲ, ಹಿಡಿಯದ ಕಾಲಿಲ್ಲ. ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತರು. ಆಂಬುಲೆನ್ಸಿಗೆ ಮೊದಲಿನಿಂದಲೂ ವಿನಾಯಿತಿ ಇತ್ತು, ಮಿಕ್ಕ ಯಾವುದಕ್ಕೂ ಇಲ್ಲ. ಅವರು ಮುರಿದುಬಿದ್ದದ್ದು ಯಜಮಾನರ ಮೊಮ್ಮಗನ ಮದುವೆಯಲ್ಲಿ. ಹೂವಿನಿಂದ ಸಿಂಗರಿಸಿದ ಕಾರು ಬೀದಿಯ ಬಾಯಲ್ಲಿ ನಿಂತಿತು. ಬಾಸಿಂಗ ಕಟ್ಟಿಕೊಂಡ ವರ ಇಳಿದು, ಬ್ಯಾಂಡಿನವರ ಹಿಂದೆ ತಲೆ ತಗ್ಗಿಸಿ ನಡೆದ. ಕೆಳಗೇರಿಯ ಎಷ್ಟೋ ವರರು ಅದೇ ಜಾಗದಲ್ಲಿ ಇಳಿದು ಹಾಗೆಯೇ ನಡೆದಿದ್ದರು. ಆಗ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕಾನೂನು ತೆಗೆಸಬೇಕೆಂದು ಯಜಮಾನರು ಕೇಂದ್ರಕ್ಕೆ ಬಂದರು. ಇಂದುಧರ ಅವರನ್ನು ಗಾಜಿನ ನೆಲದ ಮೇಲೆ ನಿಲ್ಲಿಸಿ ಪಟ್ಟಿ ತೋರಿಸಿದರು. ಈಗ ಎಲ್ಲರೂ ಇಳಿಯುತ್ತಿದ್ದುದರಿಂದ ಅದು ಮೊದಲಿಗಿಂತಲೂ ಹೆಚ್ಚು ಪ್ರಖರವಾಗಿತ್ತು. ಯಂತ್ರದ ಪ್ರಕಾರ ಅದಕ್ಕೆ ಸಾವೇ ಇಲ್ಲ. ಕಾನೂನಾದ ಗೆರೆಯನ್ನು ಅಳಿಸಲು ಅಧಿನಿಯಮದಲ್ಲಿದ್ದದ್ದು ಒಂದೇ ದಾರಿ: ಊರಿನ ಪ್ರತಿಯೊಬ್ಬರೂ ಒಟ್ಟಾಗಿ, ಒಂದೇ ಕಾರಣ ಹೇಳಿ, ಈ ಕಾನೂನು ಬೇಡ ಎನ್ನಬೇಕು. ಪ್ರತಿಯೊಬ್ಬರೂ ಎಂದರೆ ಕೆಳಗೇರಿಯವರೂ.

ಹೀಗಾಗಿ ಯಜಮಾನ ಪುಟ್ಟಮಾದಪ್ಪನವರು ತಮ್ಮ ಜೀವಮಾನದಲ್ಲಿ ಮೊದಲ ಸಲ ರಾಚಮ್ಮನ ಮನೆಯ ಬಾಗಿಲಿಗೆ ಬಂದು ನಿಂತರು. ಜನರ ಹೇಳಿಕೆ ಬರೆದುಕೊಳ್ಳುವ ಕೆಲಸಕ್ಕೆ ನಾನೂ ಹೋಗಿದ್ದೆ. ಕೇರಿಗೆ ಕೇರಿಯೇ ಸುತ್ತ ನೆರೆದಿತ್ತು. ರಾಚಮ್ಮ ಒಳಗಿನಿಂದ ಕುರ್ಚಿ ತಂದು ಹಾಕಿದಳು. ಅವರು ಕೂರಲೋ ಬೇಡವೋ ಎಂದು ಒದ್ದಾಡಿ, ಕೂತರು.

"ಏನಿಲ್ಲ ರಾಚವ್ವ," ಎಂದರು. ಇಷ್ಟು ದಿನ ರಾಚಿಯಾಗಿದ್ದವಳು ಅವರ ಬಾಯಲ್ಲಿ ರಾಚವ್ವ ಆದದ್ದನ್ನು ಎಲ್ಲರೂ ಕೇಳಿಸಿಕೊಂಡರು. "ಎಲ್ಲಾರ್ಗೂ ತೊಂದ್ರೆ ಆಗದೆ. ಓಡಾಟುಕ್ಕೆ ಅನಾನುಕೂಲ ಅಂತ ಕಾರಣ ಬರ್ಸಿವ್ನಿ. ನೀನೊಂದ್ ಮಾತ್ ಹೂಂ ಅಂದ್ರೆ ಮಿಕ್ಕೋರೂ ಅಂತಾರೆ."

"ಅನಾನುಕೂಲ ಅಂದ್ರೆ ನಾನು ಹೂಂ ಅನ್ನಲ್ಲ ಯಜಮಾನ್ರೇ."

ಆಕೆ ಒಪ್ಪದಿದ್ದರೆ ಎಲ್ಲರ ಜೊತೆ ಆಕೆಯೂ ಬದುಕಿರುವವರೆಗೆ ಆ ಏರಿನಲ್ಲಿ ಗಾಡಿ ತಳ್ಳಬೇಕು. ಅದು ಅವಳಿಗೆ ಗೊತ್ತಿತ್ತು.

"ಮತ್ತೇನಂತ ಬರ್ಸೋದು?"

"ಇಳ್ಸಿ ನಡ್ಸೋದು ಅವಮಾನ ಅಂತ ಬರ್ಸಿ."

"ಅವಮಾನ ಅಂತವಾ?" ಯಜಮಾನರ ದನಿ ಏರಿತು. "ಹಂಗ್ ಬರೆದ್ರೆ ಇಷ್ಟ್ ದಿನ ನಾವು..." ಎಂದವರು ಅಲ್ಲಿಗೇ ನಿಲ್ಲಿಸಿದರು.

ರಾಚಮ್ಮ ಅವರ ಮುಖವನ್ನೇ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ರೋಗಿಯನ್ನು ಎಲ್ಲಿ ನೋವು ಎಂದು ಕೇಳುವ ಹಾಗೆ ಕೇಳಿದಳು: "ಯಾಕೆ, ನಿಮಗಾಗ್ಲಿಲ್ವಾ?"

ಯಜಮಾನರು ಪಂಚೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ಅವರ ಕಣ್ಣ ಮುಂದೆ ಬಾಸಿಂಗ ಕಟ್ಟಿದ ಮೊಮ್ಮಗ ನಡೆದುಹೋಗುತ್ತಿದ್ದನೋ ಏನೋ.

"ಆಯ್ತು ಕಣವ್ವ," ಎಂದರು ಕೊನೆಗೆ. "ಬಾಳ ಆಯ್ತು."

ನಾನು ಆ ಕಾರಣವನ್ನೇ ಬರೆದುಕೊಂಡೆ. ಇಂಥ ವಾಕ್ಯ ಬರೆಯುವ ಭಾಗ್ಯ ನನಗೆ ಮತ್ತೆ ಸಿಗಲಾರದು. ದೊಡ್ಡ ಬೀದಿಯವರು ಗೊಣಗುತ್ತ, ಕೆಲವರು ಹಲ್ಲು ಕಡಿಯುತ್ತ, ಒಬ್ಬೊಬ್ಬರಾಗಿ ಬಂದು ಅದಕ್ಕೆ ಒಪ್ಪಿಗೆ ಕೊಟ್ಟರು. ಅವರೆಲ್ಲರ ಮನಸ್ಸು ಬದಲಾಯಿತು ಎಂದು ನಾನು ನಂಬುವುದಿಲ್ಲ. ಆದರೆ ಬಾಯಿಬಿಟ್ಟು ಹೇಳಿದ ಮಾತನ್ನು ಇನ್ನು ನುಂಗುವ ಹಾಗಿಲ್ಲ.

ಕಾನೂನು ರದ್ದಾದ ಬೆಳಿಗ್ಗೆ ಇಂದುಧರರೂ ನಾನೂ ಗಾಜಿನ ನೆಲದ ಮೇಲೆ ಕೂತಿದ್ದೆವು. ರದ್ದತಿ ಜಾರಿಗೆ ಬಂದ ಗಳಿಗೆಗೆ ಸರಿಯಾಗಿ ಮಾಳಗೂರಿನ ಪಟ್ಟಿ ಮಂಕಾಗಿ, ಆರಿಹೋಯಿತು. ಬೀದಿ ಕಪ್ಪಾಯಿತು. ಇಂದುಧರ ನೆಲಕ್ಕೆ ಅಂಗೈ ಒತ್ತಿ, ಬಿಸಿಯಿದೆಯೇ ಎಂದು ನೋಡುವ ಹಾಗೆ ಆ ಕತ್ತಲನ್ನು ಮುಟ್ಟಿದರು.

"ನಾನೇ ಮೊದ್ಲು ಹೋಯ್ತೀನಿ, ನೋಡ್ತಿರಿ" ಎಂದು ರಾಚಮ್ಮ ಫೋನಿನಲ್ಲಿ ಹೇಳಿದ್ದಳು. ಹೇಳಿದ ಹೊತ್ತಿಗೆ ಕೆಳಗೇರಿಯಿಂದ ಒಂದು ಗಾಡಿಯ ಮಂಕು ಚುಕ್ಕಿ ಹೊರಟಿತು. ಬೀದಿಯ ಬಾಯಿಗೆ ಬಂದು ನಿಂತಿತು. ಅಲ್ಲೊಂದು ಬೆಳಕಿನ ಕಣ ಹೊತ್ತಿಕೊಂಡಿತು. ಯಾವ ಕಾನೂನೂ ತಡೆದಿರಲಿಲ್ಲ, ಗಾಡಿಯೂ ತಡೆದಿರಲಿಲ್ಲ. ತಡೆದದ್ದು ಅವಳೊಳಗಿದ್ದ ಅವ್ವ, ಅಜ್ಜಿ, ಅವರ ಕೈಯಲ್ಲಿದ್ದ ಚಪ್ಪಲಿ. "ಹೋಗಮ್ಮಾ," ಎಂದು ನಾನು ನೆಲಕ್ಕೆ ಬಾಗಿ ಪಿಸುಗುಟ್ಟಿದೆ. ಅವಳಿಗೆ ಅದು ಕೇಳುವುದಿಲ್ಲ ಎಂಬುದು ನೆನಪೇ ಇರಲಿಲ್ಲ.

ಕಣ ನಡುಗಿತು, ಆರಿತು. ಚುಕ್ಕಿ ಹೊರಟಿತು. ಏರು ಹತ್ತಿತು, ಯಜಮಾನರ ಜಗುಲಿ ದಾಟಿತು. ಎಲ್ಲೂ ನಿಧಾನಿಸಲಿಲ್ಲ, ಎಲ್ಲೂ ಬೆಳಕು ಚೆಲ್ಲಲಿಲ್ಲ. ಅಷ್ಟು ಸುಂದರವಾದ ಕತ್ತಲನ್ನು ನಾನು ನೋಡಿಯೇ ಇಲ್ಲ. ಡೇರಿಯ ಹತ್ತಿರ ಚುಕ್ಕಿ ಮುಖ್ಯರಸ್ತೆಗೆ ಸೇರಿಕೊಳ್ಳುತ್ತದೆ, ಲಸಿಕೆಗೆ ಹೊತ್ತಾಗುತ್ತದೆ ಎಂದುಕೊಂಡೆವು.

ಚುಕ್ಕಿ ತಿರುಗಿತು. ಬಂದ ದಾರಿಯಲ್ಲೇ, ಅದೇ ವೇಗದಲ್ಲಿ, ದೊಡ್ಡ ಬೀದಿಯ ಉದ್ದಕ್ಕೂ ಇಳಿದು ಬಂತು. ಕೆಳಗೆ ಹೋಗಿ ಮತ್ತೆ ತಿರುಗಿತು.

"ಏನಾದರೂ ಮರೆತು ಬಂದರಾ?" ಎಂದರು ಇಂದುಧರ.

ನಾನು ಅಲ್ಲವೆಂದು ತಲೆಯಾಡಿಸಿ ಕಣ್ಣೊರೆಸಿಕೊಂಡೆ. ಚುಕ್ಕಿ ಮತ್ತೆ ಏರು ಹತ್ತುತ್ತಿತ್ತು.